ತೂಬಿಲ್ಲದ ಬಚ್ಚಲು

ಎಲ್ಲಕ್ಕೂ ಮೂಲ ಹೆಂಡತಿಯ ಫೋನು. ಆ ಭಾನುವಾರ ಬೆಳಿಗ್ಗೆ ಮಿನೆಗಿಶಿ ಯಾಸುಹಿಕೊ ಜರ್ಮನಿಯ ಡ್ಯೂಸೆಲ್‌ಡಾರ್ಫಿನ ತನ್ನ ಎರಡನೇ ಮಹಡಿಯ ಮನೆಯಲ್ಲಿ ಒಬ್ಬನೇ ಕೂತು, ಯಾರ ತಂಟೆಗೂ ಹೋಗದೆ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತಿದ್ದ. ಆಗ ಜಪಾನಿನಿಂದ ಹೆಂಡತಿ ಮಿತ್ಸುಯೊ ಫೋನ್ ಮಾಡಿದಳು.

"ಇವತ್ತು ಯುಜು ಸ್ನಾನ ಅಲ್ವಾ, ಈಗಷ್ಟೇ ನೀರಿನಿಂದ ಎದ್ದು ಬಂದೆ. ಹೊಸಾ ತೊಟ್ಟಿ ಎಷ್ಟು ಚೆನ್ನಾಗಿದೆ ಅಂತೀರಿ, ಗದ್ದದವರೆಗೂ ನೀರು. ಮಗಳು ಈಗ ಒಳಗೆ ಹೋಗಿದಾಳೆ. ಹಾಡು ಬೇರೆ ಹೇಳ್ತಿದಾಳೆ, ಕೇಳಿ." ಹಾಗೆಂದು ಫೋನನ್ನು ಬಚ್ಚಲುಮನೆಯ ಬಾಗಿಲಿಗೆ ಹಿಡಿದಳು.

ಮಿನೆಗಿಶಿಗೆ ಮಗಳ ಹಾಡು ಕೇಳಿಸಲಿಲ್ಲ, ನೀರು ಕೇಳಿಸಿತು. ಮೈಮೇಲೆ ಸುರಿದುಕೊಂಡ ನೀರು ನೆಲಕ್ಕೆ ಬಿದ್ದು, ಹರಿದು, ತೂಬಿನಲ್ಲಿ ಗೊಳಗೊಳ ಇಳಿದುಹೋಗುವ ಸದ್ದು. ಆ ಸದ್ದು ಅವನ ಕಿವಿಗೆ ಬಿದ್ದು ಐದು ವರ್ಷವಾಗಿತ್ತು. ಬೆಣ್ಣೆಯ ಚಾಕು ಕೆಳಗಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡ.

"ಏಪ್ರಿಲ್‌ಗೆ ಬಂದುಬಿಡ್ತೀರಲ್ಲ, ಆಮೇಲೆ ದಿನಾ ನಿಮಗೇ ಮೊದಲ ನೀರು" ಎಂದಳು ಮಿತ್ಸುಯೊ.

"ಬರ್ತೀನಿ. ಹೊಸ ವರ್ಷ ಆದ ಕೂಡಲೇ ನನ್ನ ಹೆಸರು ಹೆಡ್ಡಾಫೀಸಿಗೆ ಕಳಿಸ್ತೀನಿ ಅಂದಿದಾರೆ ಹಟಾನಕಾ ಸಾರ್."

"ಅಲ್ಲೀವರೆಗೆ ಏನೂ ಎಡವಟ್ಟು ಮಾಡ್ಕೋಬೇಡಿ."

"ನಾನಾ?" ಎಂದು ಮಿನೆಗಿಶಿ ನಕ್ಕ.

ನಗುವುದಕ್ಕೆ ಕಾರಣವಿತ್ತು. ಎಡವಟ್ಟು ಮಾಡಬೇಡಿ ಎಂದು ಬೇರೆಯವರಿಗೆ ಹೇಳುವುದೇ ಕಂಪನಿಯಲ್ಲಿ ಅವನ ಕೆಲಸ. ಜಪಾನಿನಿಂದ ಹೊಸಬರು ಬಂದಿಳಿದಾಗಲೆಲ್ಲ ಅವರನ್ನು ಕೂರಿಸಿಕೊಂಡು ಬಚ್ಚಲಿನ ಪಾಠ ಹೇಳುತ್ತಿದ್ದವನು ಅವನೇ. "ಚೆನ್ನಾಗಿ ಕೇಳಿ. ಇಲ್ಲಿಯ ಬಚ್ಚಲಿಗೆ ತೂಬಿಲ್ಲ. ತೊಟ್ಟಿ ಒಳಗೇ ಸೋಪು, ಒಳಗೇ ತಿಕ್ಕೋದು, ಒಳಗೇ ತೊಳೆಯೋದು. ಹೊರಗೆ ಒಂದು ಚೊಂಬು ನೀರು ಬಿದ್ದರೂ ಅದು ಕೆಳಗಿನವರ ತಲೆ ಮೇಲೆ."

ಈ ಪಾಠ ನಮ್ಮ ಜಪಾನಿನವರ ತಲೆಗೆ ಹೋಗುತ್ತದೆ, ಕೈಗೆ ಹೋಗುವುದಿಲ್ಲ. ಹುಟ್ಟಿದಾಗಿನಿಂದ ತೊಟ್ಟಿಯ ಹೊರಗೆ ಕೂತು ಮೈ ತಿಕ್ಕಿ ತೊಳೆದುಕೊಂಡು, ಚೊಕ್ಕಟವಾದ ಮೇಲೆ ನೀರಿಗಿಳಿದವರು ನಾವು. ಪರದೇಶಕ್ಕೆ ಬಂದೆವೆಂದು ಕೈ ಕೇಳುತ್ತದೆಯೇ? ಹೋದ ವರ್ಷ, ಕಂಪನಿಯ ಹಲವರು ಬಾಡಿಗೆಗಿದ್ದ ಮಿನೆಗಿಶಿಯ ಕಟ್ಟಡದಲ್ಲಿ ಎರಡು ಸಲ ನಮ್ಮವರ ಬಚ್ಚಲಿನ ನೀರು ಕೆಳಗಿನ ಮನೆಗೆ ಇಳಿದು ರಾದ್ಧಾಂತವಾಗಿತ್ತು. ಇನ್ನೊಂದು ಸಲ ಹೀಗಾದರೆ ನಿಮ್ಮ ಕಂಪನಿಯವರು ಒಬ್ಬರೂ ಇಲ್ಲಿರುವುದು ಬೇಡ ಎಂದು ಕಟ್ಟಡದ ಮಾಲೀಕ ಹೇಳಿಬಿಟ್ಟಿದ್ದ. ಶಾಖೆಯ ಮುಖ್ಯಸ್ಥ ಹಟಾನಕಾ ಎಲ್ಲರನ್ನೂ ಸೇರಿಸಿ ಎದ್ದು ನಿಂತು, "ಇನ್ನು ಮುಂದೆ ಯಾರ ಬಚ್ಚಲಿಂದ ನೀರು ಇಳಿಯುತ್ತೋ ಅವರು ಊರಿಗೆ ಹೋಗೋ ಮಾತೇ ಮರೆತುಬಿಡಿ. ಇಲ್ಲೇ ಕೂತು ಒರೆಸ್ತಾ ಇರಿ" ಎಂದಿದ್ದರು. ಆಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಮಿನೆಗಿಶಿ.

ಫೋನಿಟ್ಟು ಸುಮ್ಮನೆ ಬ್ರೆಡ್ ತಿಂದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಅಡುಗೆಮನೆಯ ಬುಟ್ಟಿಯಲ್ಲಿ ನಿಂಬೆಯ ಜಾತಿಯ ಯುಜು ಹಣ್ಣುಗಳಿದ್ದವು. ಚಳಿಗಾಲದ ಅತಿ ಚಿಕ್ಕ ಹಗಲಿನ ದಿನ ಅವನ್ನು ಬಿಸಿನೀರಿಗೆ ತೇಲಿಬಿಟ್ಟು ಸ್ನಾನ ಮಾಡುವುದು ನಮ್ಮವರ ಹಬ್ಬ. ನಮ್ಮವರ ಅಂಗಡಿಯಲ್ಲಿ ದುಬಾರಿಯೆಂದು ಎತ್ತಿ ಇಟ್ಟು, ಮತ್ತೆ ಎತ್ತಿ ಇಟ್ಟು, ಕೊನೆಗೆ ತಡೆಯಲಾರದೆ ತಂದಿದ್ದ. ಒಂದನ್ನು ಮೂಗಿಗೆ ಹಿಡಿದ. ಅಲ್ಲಿಗೆ ಅವನ ಬುದ್ಧಿ ಅವನ ಕೈಬಿಟ್ಟಿತು.

ತೊಡಕು ಇದ್ದದ್ದು ಬಿಸಿನೀರಿನದು. ಆ ಮನೆಯ ಬಾಯ್ಲರ್ ಒಂದು ತೊಟ್ಟಿ ನೀರು ಕಾಯಿಸಿ ಕೊಟ್ಟು ಮಲಗಿಬಿಡುತ್ತಿತ್ತು. ತೊಟ್ಟಿಯೊಳಗೆ ಸೋಪು ಹಚ್ಚಿ ತೊಳೆದುಕೊಂಡರೆ ಆ ನೀರನ್ನು ಬಿಟ್ಟುಬಿಡಬೇಕು, ಬಿಟ್ಟರೆ ಯುಜುವಿಗೆ ತಣ್ಣೀರೇ ಗತಿ. ಸೋಪಿನ ನೀರಿಗೇ ಹಣ್ಣು ತೇಲಿಬಿಟ್ಟು ಕೂರೋಣವೆಂದರೆ ತನ್ನ ಮೈಯ ಕೊಳೆಯಲ್ಲಿ ತಾನೇ ನೆನೆಯುವುದು. ಐದು ವರ್ಷ ಹಾಗೆಯೇ ನೆನೆದಿದ್ದ. ಹಬ್ಬದ ದಿನವೂ ಬೇಕೆ ಎನ್ನಿಸಿತು.

"ಒಂದೇ ಒಂದು ಸಲ, ಹುಷಾರಾಗಿ" ಎಂದು ಮಿನೆಗಿಶಿ ಕನ್ನಡಿಯೊಳಗಿನ ಮಿನೆಗಿಶಿಗೆ ಹೇಳಿದ. ಕನ್ನಡಿಯೊಳಗಿನವನು ಬೇಡವೆನ್ನಲಿಲ್ಲ.

ಹುಷಾರಿಗೇನೂ ಕಡಿಮೆ ಮಾಡಲಿಲ್ಲ. ವಸಂತದಲ್ಲಿ ಹೂ ನೋಡಲು ಹೋದಾಗ ಮರದ ಕೆಳಗೆ ಹಾಸಿಕೊಳ್ಳುವ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಬಚ್ಚಲಿನ ನೆಲಕ್ಕೆ ಹಾಸಿದ. ಅಂಚುಗಳನ್ನು ಎತ್ತಿ ತೊಟ್ಟಿಗೊಂದು ಕಡೆ, ಗೋಡೆಗೊಂದು ಕಡೆ, ವಾಷಿಂಗ್ ಮೆಷಿನ್ನಿಗೊಂದು ಕಡೆ ಟೇಪು ಹಚ್ಚಿ ಅಂಟಿಸಿದ. ಆ ದೇಶದ ತೊಟ್ಟಿಯಲ್ಲಿ ನೀರು ಹೊಟ್ಟೆಯ ಮಟ್ಟಕ್ಕೆ ಬಂದ ಕೂಡಲೇ ಹೊರಗೆ ಕಳಿಸುವ ಒಂದು ಕಿರುತೂತಿರುತ್ತದೆ. ಭುಜ ಮುಳುಗದ ಸ್ನಾನ ಎಂಥ ಸ್ನಾನವೆಂದು ಅದಕ್ಕೂ ಟೇಪು ಹಚ್ಚಿದ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಮಿಸೊ ಸಾರು ಕಾಯಿಸುವ ಪಾತ್ರೆಯಿಂದ ಬಿಸಿನೀರು ಮೊಗೆದು ತಲೆಯ ಮೇಲೆ ಸುರಿದುಕೊಂಡ. ನೀರು ಬೆನ್ನಿನ ಮೇಲಿಂದ ಇಳಿದು ಹಾಳೆಯ ಮೇಲೆ ಹರಡಿತು. ಮಿನೆಗಿಶಿ ಅತ್ತೇಬಿಟ್ಟ.

ಆಮೇಲೆ ಯುಜು ತೇಲುತ್ತಿದ್ದ ತೊಟ್ಟಿಗಿಳಿದ. ಅವನು ಕೂತ ರಭಸಕ್ಕೆ ನೀರು ಎಲ್ಲ ಕಡೆಯಿಂದಲೂ ಉಕ್ಕಿ ದಬದಬ ಹೊರಗೆ ಬಿತ್ತು. ಉಕ್ಕಲಿ ಎಂದೇ ಕೂತಿದ್ದ. ಕಣ್ಣು ಮುಚ್ಚಿ ಇಪ್ಪತ್ತು ವರ್ಷ ಚಿಕ್ಕವನಾದ.

ಕಣ್ಣು ಬಿಟ್ಟಾಗ ಹಾಳೆಯ ಮೇಲೆ ನೀರಿರಲಿಲ್ಲ. ತೊಟ್ಟಿಯ ಕಡೆಯ ಟೇಪು ಕಿತ್ತುಬಂದು ಹಾಳೆ ನಾಲಗೆ ಚಾಚಿದ ಹಾಗೆ ಬಿದ್ದುಕೊಂಡಿತ್ತು. ಮಿನೆಗಿಶಿ ಎದ್ದು ನಿಂತು, ಬಗ್ಗಿ, ಅತ್ತ ಇತ್ತ ನೋಡಿದ. ತೂಬಿಲ್ಲದ ಬಚ್ಚಲಿನಿಂದ ಅಷ್ಟೂ ನೀರು ಎಲ್ಲಿಗೋ ಹೋಗಿತ್ತು. ಆಗಲೇ ಬಾಗಿಲ ಗಂಟೆ ಸದ್ದಾಯಿತು. ಸಿಕ್ಕಿದ ಬಟ್ಟೆ ಮೈಗೇರಿಸಿಕೊಂಡು ಹೋಗಿ ಬಾಗಿಲು ತೆಗೆದ.

ಹೊರಗೆ ನಿಂತಿದ್ದವನು ಎದುರುಮನೆಯ ಇಶಿಗುರೊ. ಆ ವರ್ಷವೇ ಹೆಂಡತಿ, ಕೈಗೂಸಿನ ಜೊತೆ ಜಪಾನಿನಿಂದ ಬಂದಿದ್ದ, ಮಿನೆಗಿಶಿಯ ಪಾಠ ಕೇಳಿದವರಲ್ಲಿ ಎಲ್ಲರಿಗಿಂತ ವಿಧೇಯ ಶಿಷ್ಯ.

"ಮಿನೆಗಿಶಿ ಸಾನ್, ಕೆಳಗಿನ ಮನೆಯಮ್ಮ ಫ್ರೌ ಡಿಟ್‌ಮಾರ್ ಬಚ್ಚಲಲ್ಲಿ ಸೀಲಿಂಗ್‌ನಿಂದ ನೀರು ತೊಟ್ಟಿಕ್ತಾ ಇದೆಯಂತೆ. ಹೋದ ವಾರ ತಾನೇ ಬಣ್ಣ ಹೊಡೆಸಿದ್ರು ಪಾಪ." ಅಷ್ಟು ಹೇಳಿ ಮಿನೆಗಿಶಿಯನ್ನು ದಿಟ್ಟಿಸಿದ. "ನಿಮ್ಮ ಮುಖ ಯಾಕೆ ಹೀಗೆ ಕೆಂಪಗಿದೆ?"

"ಸ್ವಲ್ಪ ಮೈ ಬಿಸಿ."

"ತಲೆ ಒದ್ದೆ ಆಗಿದೆ."

"ಬೆವರು."

"ಏನೋ ಹಣ್ಣಿನ ವಾಸನೆ."

"ಔಷಧಿ" ಎಂದ ಮಿನೆಗಿಶಿ. ಸುಳ್ಳುಗಳು ಒಂದರ ಹಿಂದೊಂದು ತಾವಾಗಿ ಬರುತ್ತಿದ್ದುದನ್ನು ಕಂಡು ಅವನಿಗೇ ಹೇಸಿಗೆಯಾಯಿತು.

"ನೀವು ಮಲಗಿ. ನಾನು ಫ್ರೌ ಡಿಟ್‌ಮಾರ್‌ಗೆ ಹೇಳಿ ಬಂದಿದೀನಿ, ಯಾರ ಮನೆಯಿಂದ ಬಂದರೂ ಮಿನೆಗಿಶಿ ಸಾನ್ ಮನೆಯಿಂದ ಬಂದಿರಲ್ಲ, ಅವರು ನಮಗೆಲ್ಲ ಮೇಷ್ಟ್ರು ಅಂತ."

ಬಾಗಿಲು ಹಾಕಿಕೊಂಡ ಮಿನೆಗಿಶಿಗೆ ಈ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ಓಡಿ ಹೋಗಿ ಹಾಳೆ ಕಿತ್ತು ಸುರುಳಿ ಸುತ್ತಿದ, ನೆಲ ಒರೆಸಿದ, ಬಕೆಟ್ಟು ನೆಟ್ಟಗೆ ಮಾಡಿದ. ಸುರುಳಿಯನ್ನು ಎಲ್ಲಿಡುವುದೆಂದು ಹುಡುಕುತ್ತಿರುವಾಗಲೇ ಮತ್ತೆ ಗಂಟೆ. ಈ ಸಲ ಇಶಿಗುರೊನ ಹೆಂಡತಿ ನಾತ್ಸುಮಿ.

"ಜ್ವರ ಅಂತಲ್ಲ? ಗಂಜಿ ಮಾಡ್ಕೊಂಡು ಬಂದೆ, ಉಮೆ ಹಣ್ಣಿನ ಉಪ್ಪಿನಕಾಯೀನೂ ಇದೆ. ಬಾಗಿಲು ತೆಗೀರಿ, ಬಿಸಿ ಇರುವಾಗಲೇ ಕುಡೀಬೇಕು. ಕೂಗ್ಬೇಡಿ, ಗಂಟಲಿಗೆ ಆಯಾಸ, ನನ್ನ ಹತ್ರ ಬೀಗದ ಕೈ ಇದೆ."

ಒಂಟಿ ಗಂಡಸಿಗೆ ಕಾಯಿಲೆ ಕಸಾಲೆ ಬಂದರೆ ಇರಲಿ ಎಂದು ತಾನೇ ಕೊಟ್ಟಿದ್ದ ಬೀಗದ ಕೈ. ಬೀಗ ತಿರುಗುವಷ್ಟರಲ್ಲಿ ಮಿನೆಗಿಶಿ ಒದ್ದೆ ಹಾಳೆಯ ಸುರುಳಿ ಸಮೇತ ಹಾಸಿಗೆಗೆ ಹಾರಿ ಕುತ್ತಿಗೆಯವರೆಗೆ ಹೊದ್ದುಕೊಂಡ. ಸುರುಳಿ ಬೆನ್ನಿಗೆ ತಾಗಿ ತಣ್ಣಗೆ ಕೊರೆಯಿತು, ಹಲ್ಲು ಕಟಕಟ ಎನ್ನತೊಡಗಿತು.

"ಅಯ್ಯೋ, ನಡುಗ್ತಾ ಇದೀರಿ" ಎಂದು ನಾತ್ಸುಮಿ ಇನ್ನೊಂದು ಕಂಬಳಿ ತಂದು ಹೊದಿಸಿದಳು. ಹಾಳೆಯ ಮಡಿಕೆಯೊಳಗೆ ಉಳಿದಿದ್ದ ನೀರು ಆ ಭಾರಕ್ಕೆ ಸಾವಕಾಶವಾಗಿ ಅವನ ಸೊಂಟದ ಕೆಳಗೆ ಸೇರಿತು. ಅವಳು ಚಮಚೆಯಲ್ಲಿ ಗಂಜಿ ಕುಡಿಸಿದಳು, ಅವನು ಕುಡಿದ. ನಲವತ್ತಾರು ವರ್ಷದ ಗಂಡಸು, ಆಡಳಿತ ವಿಭಾಗದ ಮುಖ್ಯಸ್ಥ.

ಅಷ್ಟರಲ್ಲಿ ಕಟ್ಟಡ ನೋಡಿಕೊಳ್ಳುವ ಹೆರ್ ಪಾಶ್ಕೆ ಟಾರ್ಚು ಹಿಡಿದು ಇಶಿಗುರೊನ ಜೊತೆ ಬಂದ. ರೋಗಿಗೆ ತೊಂದರೆಯಾಗದಂತೆ ತುದಿಗಾಲಲ್ಲಿ ಬಚ್ಚಲಿಗೆ ಹೋಗಿ, ಮೂಲೆ ಮೂಲೆಗೆ ಟಾರ್ಚು ಬಿಟ್ಟು ನೋಡಿ ಹೊರಗೆ ಬಂದ.

"ನೆಲ ಒಣಗಿದೆ. ಆದರೆ ತೊಟ್ಟಿಯಲ್ಲಿ ನಿಂಬೆಹಣ್ಣು ತೇಲ್ತಾ ಇವೆ."

"ಇವತ್ತು ಹಾಗೇ ಮಾಡೋದು. ಶೀತ ಹತ್ರ ಬರಲ್ಲ" ಎಂದಳು ನಾತ್ಸುಮಿ.

ಪಾಶ್ಕೆ ಹಾಸಿಗೆಯಲ್ಲಿ ನಡುಗುತ್ತಿದ್ದವನನ್ನು ನೋಡಿದ. "ಗೊತ್ತಾಯ್ತು" ಎಂದ.

ಮುಂದಿನದು ಎದುರುಮನೆ. ಅಲ್ಲಿ ಕೂಸಿಗೆ ಸ್ನಾನ ಮಾಡಿಸಿ ಇನ್ನೂ ನೆಲ ಒರೆಸಿರಲಿಲ್ಲ. ಕೂಸು ಕಾಲು ಬಡಿದು ಎರಚಿದ ನೀರು ಒಂದು ಬೊಗಸೆಯಷ್ಟು ಟೈಲ್ಸಿನ ಮೇಲೆ ನಿಂತಿತ್ತು. ಪಾಶ್ಕೆ ಟಾರ್ಚು ಬಿಟ್ಟ, ತಲೆಯಾಡಿಸಿದ. ಆಮೇಲೆ ಮೇಲಿನ ಮಹಡಿಗೆ ಹತ್ತಿ ಹಟಾನಕಾರ ಮನೆಯ ಗಂಟೆ ಒತ್ತಿದ. ಹಟಾನಕಾ ಬೇಕರಿಗೆ ಹೋಗಿದ್ದರು. ಅವರ ಹೆಂಡತಿ ಬಾಗಿಲನ್ನು ಒಂದು ಗೇಣು ತೆಗೆದು, "ನಮ್ಮದು ಒಣಗಿದೆ" ಎಂದು ಹೇಳಿ ಹಾಕಿಕೊಂಡರು. ಶಾಖಾ ಮುಖ್ಯಸ್ಥರ ಹೆಂಡತಿ ಒಣಗಿದೆ ಎಂದ ಮೇಲೆ ಒಣಗಿದೆ ತಾನೆ? ಯಾರೂ ಎರಡನೇ ಸಲ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ನಾತ್ಸುಮಿ ಮತ್ತೆ ಬಂದಳು. ಈ ಸಲ ಕೈಯಲ್ಲಿ ಗಂಜಿಯಿರಲಿಲ್ಲ, ಕಣ್ಣು ಮೂಗು ಒಂದಾಗಿತ್ತು.

"ಮಿನೆಗಿಶಿ ಸಾನ್, ಹಟಾನಕಾ ಸಾರ್ ಕೆಳಗೆ ಎಲ್ಲರ ಎದುರಿಗೆ ಇವರನ್ನ ನಿಲ್ಲಿಸಿಕೊಂಡಿದಾರೆ. ನಾವೇ ಅಂತೆ. ಮನೆ ಖಾಲಿ ಮಾಡಿ ಅಂತಿದಾರೆ. ಕೂಸು ಎರಚಿದ್ದು ಇಷ್ಟೇ ಇಷ್ಟು ನೀರು, ಇವರು ಅದನ್ನೂ ಹೇಳ್ತಿಲ್ಲ, ತಲೆ ತಗ್ಗಿಸಿ ನಿಂತಿದಾರೆ. ನೀವು ಒಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ."

ಮಿನೆಗಿಶಿ ಚಾವಣಿ ನೋಡುತ್ತ ಮಲಗಿದ್ದ. ಸುಮ್ಮನೆ ಮಲಗಿದ್ದರೆ ಏಪ್ರಿಲ್, ಹೊಸ ತೊಟ್ಟಿ, ಮೊದಲ ನೀರು. ಎದ್ದರೆ ಇಲ್ಲೇ ಕೂತು ಒರೆಸುತ್ತಿರುವುದು. ಆದರೆ ಹೊಟ್ಟೆಯಲ್ಲಿ ಅವಳ ಗಂಜಿ ಇನ್ನೂ ಬೆಚ್ಚಗಿತ್ತು. ಅವಳ ಮುಖ ನೋಡಲು ಅವನಿಗೆ ಆಗಲಿಲ್ಲ. ಹೊದಿಕೆ ಸರಿಸಿ ಎದ್ದ. ಬೆನ್ನಿನಿಂದ ಮೊಣಕಾಲಿನವರೆಗೆ ತೊಯ್ದಿದ್ದ ಅವನನ್ನೂ, ಅವನ ಹಿಂದೆ ಹಾಸಿಗೆಯಲ್ಲಿ ಮಲಗಿದ್ದ ನೀಲಿ ಸುರುಳಿಯನ್ನೂ ನೋಡಿ ನಾತ್ಸುಮಿ ಅಳು ನಿಲ್ಲಿಸಿದಳು.

"ನಡೀರಿ" ಎಂದ ಮಿನೆಗಿಶಿ, ಸುರುಳಿಯನ್ನು ಎತ್ತಿಕೊಂಡು.

ಫ್ರೌ ಡಿಟ್‌ಮಾರ್ ಭೂಗೋಳ ಕಲಿಸಿ ನಿವೃತ್ತರಾದ ಹೆಂಗಸು. ಅವರ ಬಚ್ಚಲಿನ ಹೊಸ ಬಿಳಿ ಬಣ್ಣದ ಮೇಲೆ ಗೋಡೆಯ ಮೂಲೆಯಿಂದ ಒಂದು ಕಂದು ಕಲೆ ಹಬ್ಬಿತ್ತು. ಅದರ ಕೆಳಗೆ ಪಾತ್ರೆ ಇಟ್ಟುಕೊಂಡು ಎಲ್ಲರೂ ನಿಂತಿದ್ದರು. ಹಟಾನಕಾರ ಕೈಯಲ್ಲಿ ಇನ್ನೂ ಬೇಕರಿಯ ಚೀಲವಿತ್ತು. ಅವರ ಹೆಂಡತಿ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಇಶಿಗುರೊನ ಗಲ್ಲ ಎದೆಗೆ ತಾಗಿತ್ತು.

ಮಿನೆಗಿಶಿ ಒಳಗೆ ಬಂದವನೇ ಸುರುಳಿಯನ್ನು ನೆಲಕ್ಕಿಟ್ಟು ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. "ಇಶಿಗುರೊ ಅಲ್ಲ, ನಾನು. ನನಗೆ ಜ್ವರವೂ ಇಲ್ಲ."

ಆಮೇಲೆ ಬಗ್ಗಿದ ಹಾಗೆಯೇ ಎಲ್ಲವನ್ನೂ ಹೇಳಿದ. ಹಾಳೆ, ಟೇಪು, ಬಕೆಟ್ಟು, ಸಾರಿನ ಪಾತ್ರೆ, ನೀರು ಉಕ್ಕಲಿ ಎಂದೇ ಕೂತದ್ದು, ಕೊನೆಗೆ ಅತ್ತದ್ದು ಕೂಡ. ಪಾಶ್ಕೆ ನೀಲಿ ಹಾಳೆಯನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದ. ಫ್ರೌ ಡಿಟ್‌ಮಾರ್ ಕನ್ನಡಕ ಹಾಕಿಕೊಂಡರು.

"ಒಂದು ನಿಮಿಷ, ಹೆರ್ ಮಿನೆಗಿಶಿ. ನೀವು ತೊಟ್ಟಿಯ ಹೊರಗೆ ಕೂತು ಮೈ ತೊಳ್ಕೊಂಡ್ರಿ."

"ಹೌದು."

"ಪೂರ್ತಿ ಚೊಕ್ಕ ಆದ್ರಿ."

"ಹೌದು."

"ಆಮೇಲೆ ತೊಟ್ಟಿಗೆ ಇಳಿದ್ರಿ. ಯಾಕೆ?"

ನಮ್ಮವರೆಲ್ಲ ತಂತಮ್ಮ ಕಾಲ್ಬೆರಳು ನೋಡಿಕೊಂಡರು. ಈ ಪ್ರಶ್ನೆಗೆ ಜಪಾನಿನಲ್ಲಿ ಯಾರೂ ಉತ್ತರ ತಯಾರು ಮಾಡಿಟ್ಟಿಲ್ಲ, ಅಲ್ಲಿ ಯಾರೂ ಕೇಳುವುದಿಲ್ಲ.

"ಸುಖಕ್ಕೆ" ಎಂದ ಮಿನೆಗಿಶಿ ಕೊನೆಗೆ, ಕಳ್ಳತನ ಒಪ್ಪಿಕೊಂಡವನ ದನಿಯಲ್ಲಿ.

"ಪಾಠ ಹೇಳಿದವರೇ ಹೀಗೆ ಮಾಡಿದ್ರಾ" ಎಂದು ಇಶಿಗುರೊ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ ಹೇಳಿದ. ಅದರಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಷ್ಟೇ ಇತ್ತು. ಸಿಟ್ಟಿದ್ದರೆ ಮಿನೆಗಿಶಿ ತಡೆದುಕೊಳ್ಳುತ್ತಿದ್ದ.

ಹಟ್ಟಿಯಲ್ಲಿ ಸಿಕ್ಕಿಬಿದ್ದ ನರಿಯ ಹಾಗೆ ನಿಂತಿದ್ದ ಅವನು ಫ್ರೌ ಡಿಟ್‌ಮಾರ್ ಕಡೆ ತಿರುಗಿ ಇನ್ನೊಮ್ಮೆ ಬಗ್ಗಿದ. "ಇನ್ನು ಮುಂದೆ ತೊಟ್ಟಿಯ ಹೊರಗೆ ಒಂದು ಹನಿ ಬೀಳಿಸಲ್ಲ. ನನ್ನ ಮಾನದ ಮೇಲೆ ಆಣೆ."

"ಆಯ್ತು, ಮಾಲೀಕರವರೆಗೆ ಒಯ್ಯಲ್ಲ. ಎದ್ದೇಳಿ, ಸೊಂಟ ಹಿಡ್ಕೊಂಡೀತು" ಎಂದರು ಆಕೆ.

ಹಟಾನಕಾ ಅವನ ಮುಖವನ್ನೂ ನೋಡಲಿಲ್ಲ. "ಸಂಜೆ ಮನೆಗೆ ಬನ್ನಿ" ಎಂದಷ್ಟೇ ಹೇಳಿ ಹೆಂಡತಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು.

ಆ ಮಧ್ಯಾಹ್ನ ಮಿನೆಗಿಶಿ ಹಾಸಿಗೆ ಒಣಗಿಸುತ್ತ ಕಳೆದ. ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ಎರಡು ಸಲ ಫೋನ್ ಕೈಗೆ ತೆಗೆದುಕೊಂಡ, ಎರಡು ಸಲವೂ ಇಟ್ಟ. ಸಂಜೆ ಕೋಟು ಹಾಕಿ, ಟೈ ಕಟ್ಟಿ, ಹೊಸ ವರ್ಷಕ್ಕೆಂದು ಇಟ್ಟಿದ್ದ ಸಿಹಿಯ ಡಬ್ಬಿ ಹಿಡಿದು ಮೇಲಿನ ಮಹಡಿಗೆ ಹೋದ. ಗಲ್ಲಿಗೇರುವವನು ಕೂಡ ಅಷ್ಟು ನೀಟಾಗಿ ಟೈ ಕಟ್ಟಿರಲಾರ.

ಹಟಾನಕಾರ ಹೆಂಡತಿ ಬಾಗಿಲು ತೆಗೆದರು. ಅವರ ಕಣ್ಣು ಊದಿತ್ತು. ಒಳಗೆ ಹಟಾನಕಾ ನಡುಮನೆಯ ಜಮಖಾನದ ಮೇಲೆ ಮಂಡಿಯೂರಿ ಕೂತಿದ್ದರು. ಮಿನೆಗಿಶಿ ಮಂಡಿಯೂರುವ ಮೊದಲೇ ಅವರು ಎರಡೂ ಕೈ ನೆಲಕ್ಕೂರಿ ಹಣೆ ನೆಲಕ್ಕೆ ಮುಟ್ಟಿಸಿದರು.

ಮಿನೆಗಿಶಿಯ ಜೀವ ಹಾರಿಹೋಯಿತು. ಮೇಲಧಿಕಾರಿಯ ತಲೆ ಅಷ್ಟು ಕೆಳಗಿದ್ದರೆ ತನ್ನದನ್ನು ಎಲ್ಲಿಡುವುದು? ಧೊಪ್ಪನೆ ಬಿದ್ದು ಅವನೂ ಹಣೆ ನೆಲಕ್ಕಿಟ್ಟ. ಇಬ್ಬರೂ ಸ್ವಲ್ಪ ಹೊತ್ತು ಜಮಖಾನಕ್ಕೇ ಮಾತಾಡಿದರು.

"ಮಿನೆಗಿಶಿ, ನಿನಗೆ ಮೊದಲೇ ಗೊತ್ತಿತ್ತು, ಅಲ್ವಾ?"

"ಏನು ಸಾರ್?"

"ನಾಟಕ ಸಾಕು. ಏಳು, ಬಾ" ಎಂದು ಹಟಾನಕಾ ಎದ್ದು ಬಚ್ಚಲಿನ ಬಾಗಿಲು ತೆಗೆದರು.

ಒಳಗೆ ಊರಿನಿಂದ ತರಿಸಿದ ಹಿನೋಕಿ ಮರದ ಸ್ನಾನದ ಮಣೆ, ಅದೇ ಮರದ ನೀರಿನ ಬಟ್ಟಲು. ನೆಲದ ಮೇಲೆ ಹಿಂಡಿಟ್ಟ ಟವೆಲ್ಲುಗಳ ರಾಶಿ. ತೊಟ್ಟಿಯಲ್ಲಿ ತಣ್ಣಗಾದ ನೀರು, ಅದರ ಮೇಲೆ ದುಂಡಗೆ ಹಳದಿ ಹಣ್ಣುಗಳು.

"ನಾನು ಬೇಕರಿಗೆ ಹೋಗಿದ್ದಾಗ" ಎಂದರು ಹಟಾನಕಾ. ಟವೆಲ್ಲುಗಳ ರಾಶಿಯತ್ತ ಕೈ ತೋರಿಸಿದರು.

"ಹಬ್ಬ ಅಂತ ಆಸೆ ಆಯ್ತು" ಎಂದರು ಅವರ ಹೆಂಡತಿ ಹಿಂದಿನಿಂದ, ನೆಲ ನೋಡುತ್ತ.

"ಮಧ್ಯಾಹ್ನ ಹೆರ್ ಪಾಶ್ಕೆ ಗುಟ್ಟಾಗಿ ಬಂದು ಹೇಳಿದ. ನೀರು ನಮ್ಮ ತೊಟ್ಟಿಯಿಂದ ಪೈಪು ಹಿಡಿದು, ನಿನ್ನ ಗೋಡೆ ಒಳಗಿಂದ ನೆಟ್ಟಗೆ ಕೆಳಗೆ ಇಳಿದಿದೆ. ನಿನ್ನ ಮನೆಯಿಂದ ಒಂದು ಹನೀನೂ ಹೋಗಿಲ್ಲ."

"ಹೋಗಿಲ್ವಾ? ಮತ್ತೆ ನನ್ನ ನೀರು?"

"ನಿನ್ನ ನೀರು ಎಲ್ಲಿತ್ತು ಹೋಗೋದಕ್ಕೆ?" ಎಂದರು ಹಟಾನಕಾ. "ನನ್ನ ಮಾನ ಉಳಿಸೋಕೆ ಎಲ್ಲಾ ಮೈಮೇಲೆ ಹಾಕ್ಕೊಂಡೆ. ಟೇಪಂತೆ, ಹೂ ನೋಡೋ ಹಾಳೆಯಂತೆ, ಸಾರಿನ ಪಾತ್ರೆಯಂತೆ. ಏನು ಕಲ್ಪನೆ ಮಾರಾಯ. ಹಾಳೆ ಒದ್ದೆ ಮಾಡ್ಕೊಂಡು ಬೇರೆ ಬಂದಿದ್ದೀಯ, ಬಟ್ಟೆಗೂ ನೀರು ಹಾಕ್ಕೊಂಡು."

ಮಿನೆಗಿಶಿಯ ನೀರು ಆ ಹೊತ್ತಿನಲ್ಲಿ ಅವನ ತೊಟ್ಟಿಯ ಕೆಳಗಿನ ಗುಂಡಿಯಲ್ಲಿ ಯಾರಿಗೂ ತೊಂದರೆ ಕೊಡದೆ ನಿಂತಿತ್ತು. ಅದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಸಾರ್, ಅದೆಲ್ಲ ನಿಜ. ನಾನು ನಿಜವಾಗ್ಲೂ ಬಕೆಟ್ ಮೇಲೆ ಕೂತು ತೊಳ್ಕೊಂಡೆ."

ಹಟಾನಕಾ ಹೆಂಡತಿಯ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. "ನೋಡು, ಈಗಲೂ ಬಿಟ್ಟುಕೊಡಲ್ಲ. ನಾವು ನಾವೇ ಇರುವಾಗಲೂ. ಇಂಥವರು ಈಗ ಎಲ್ಲಿ ಸಿಗ್ತಾರೆ?"

"ಎಲ್ಲರ ಎದುರಿಗೆ ನಾನೇ ಹೇಳಿಬಿಡಬೇಕಿತ್ತು" ಎಂದು ಆಮೇಲೆ ಸೋಫಾದಲ್ಲಿ ಕೂತು ಮುಂದುವರಿಸಿದರು. "ಆದರೆ ನೀನು ಅಷ್ಟು ಚೆನ್ನಾಗಿ ಒಪ್ಪಿಕೊಂಡ ಮೇಲೆ ಅದನ್ನ ಹಾಳುಮಾಡೋದು ಸರಿಯಲ್ಲ ಅನ್ನಿಸ್ತು. ಪಾಶ್ಕೆಗೆ ಒಂದು ಒಳ್ಳೇ ಸಾಕೆ ಬಾಟ್ಲಿ ಕೊಟ್ಟಿದೀನಿ, ಬಾಯಿ ಬಿಡಲ್ಲ. ಈಗ ಕೇಳು. ಏಪ್ರಿಲ್‌ಗೆ ಇಲ್ಲಿಂದ ಒಬ್ಬರನ್ನ ವಾಪಸ್ ಕರೆಸ್ಕೊಳ್ತೀವಿ ಅಂದಿದೆ ಹೆಡ್ಡಾಫೀಸು. ನಿನ್ನ ಹೆಸರೇ ಹೇಳೋಣ ಅಂತಿದ್ದೆ."

ಮಿನೆಗಿಶಿಯ ಕಿವಿ ಅಂತಿದ್ದೆ ಎನ್ನುವಲ್ಲೇ ನಿಂತುಬಿಟ್ಟಿತು.

"ಆದರೆ ಇವಳಿಗೆ ಆ ಫ್ರೌ ಡಿಟ್‌ಮಾರ್ ಮುಖ ನೋಡೋ ಧೈರ್ಯ ಇಲ್ಲ. ಮೆಟ್ಟಿಲು ಇಳಿಯೋಕೂ ಆಗಲ್ಲ ಅಂತಾಳೆ. ಅದಕ್ಕೆ ನಾವೇ ಹೊರಟುಬಿಡೋಣ ಅಂತ. ಹೋಗೋ ಮುಂಚೆ ಈ ಶಾಖೆ ಯಾರಿಗೆ ಒಪ್ಪಿಸೋದು ಅನ್ನೋದೊಂದೇ ಚಿಂತೆ ಇತ್ತು, ಅದೂ ಇವತ್ತು ತೀರಿತು. ಮೂರು ವರ್ಷ ನೀನೇ ನೋಡ್ಕೋ. ಬೇಡ ಅನ್ಬೇಡ."

ಮಿನೆಗಿಶಿ ಬೇಡ ಎನ್ನಲು ಬಾಯಿ ತೆರೆದ. ತನ್ನ ಬಚ್ಚಲಿಗೆ ಇವರನ್ನು ಎಳೆದುಕೊಂಡು ಹೋಗಿ ಟೇಪು ತೋರಿಸಿದರೆ ನಂಬಿಯಾರು. ನಂಬಿದರೆ, ತೊಟ್ಟಿಯ ಹೊರಗೆ ನೀರು ಸುರಿದವನು ಊರಿಗೆ ಹೋಗುವಂತಿಲ್ಲ ಎಂದು ಹೇಳಿದವರೂ ಇವರೇ. ಸುಳ್ಳನಾದರೂ ಇಲ್ಲಿಯೇ, ಸತ್ಯವಂತನಾದರೂ ಇಲ್ಲಿಯೇ. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಯೋಚಿಸಿ ನೋಡಿದ, ಎಲ್ಲಿಯೂ ದಾರಿ ಕಾಣಲಿಲ್ಲ.

"ಧನ್ಯವಾದ ಸಾರ್" ಎಂದು ತಲೆ ಬಾಗಿಸಿದ.

ಹೊರಡುವಾಗ ಹಟಾನಕಾರ ಹೆಂಡತಿ ಬಾಗಿಲವರೆಗೆ ಬಂದರು. ಕೈಯಲ್ಲಿ ಹಿನೋಕಿಯ ಮಣೆ, ಬಟ್ಟಲು. "ನಾಳೆ ಕೊಳಾಯಿ ರಿಪೇರಿಯವನು ನಮ್ಮನೆಗೂ ಬರ್ತಾನಂತೆ. ಇವು ಇಲ್ಲಿ ಅವನ ಕಣ್ಣಿಗೆ ಬಿದ್ದರೆ ನಾನು ಬದುಕಿರಲ್ಲ. ನಿಮ್ಮದು ಹೇಗೂ ಎಲ್ಲರಿಗೂ ಗೊತ್ತಾಗಿದೆಯಲ್ಲ. ನೀವೇ ಇಟ್ಕೊಂಡುಬಿಡಿ." ಅವನು ಏನಾದರೂ ಹೇಳುವ ಮೊದಲೇ ಎರಡನ್ನೂ ಅವನ ತೋಳಿಗೆ ಹೇರಿ ಬಾಗಿಲು ಹಾಕಿಕೊಂಡರು.

ಮಿನೆಗಿಶಿ ಮೆಟ್ಟಿಲಿಳಿದ. ತನ್ನ ಮನೆಯ ಬಾಗಿಲಿಗೆ ಬಂದು ಬೀಗದ ಕೈಗಾಗಿ ಜೇಬು ತಡಕುತ್ತಿದ್ದಾಗ ಬಟ್ಟಲು ಜಾರಿತು. ಟಕ್ ಟಕ್ ಎಂದು ಒಂದೊಂದೇ ಮೆಟ್ಟಿಲು ಇಳಿದುಕೊಂಡು ಹೋಗಿ ಕೆಳಗಿನ ಮಹಡಿಯಲ್ಲಿ ಫ್ರೌ ಡಿಟ್‌ಮಾರ್ ಕಾಲಬಳಿ ನಿಂತಿತು. ಆಕೆ ಅದನ್ನು ಎತ್ತಿಕೊಂಡರು. ಇನ್ನೂ ಒದ್ದೆಯಿತ್ತು. ತಲೆಯೆತ್ತಿ ನೋಡಿದರು. ಮೇಲೆ ಟೈ ಕಟ್ಟಿಕೊಂಡ ಮಿನೆಗಿಶಿ, ಕಂಕುಳಲ್ಲಿ ಸ್ನಾನದ ಮಣೆ.

"ಮಾನದ ಮೇಲೆ ಆಣೆ ಅಂದ್ರಿ" ಎಂದರು ಆಕೆ.

"ಇದು ನನ್ನದಲ್ಲ" ಎಂದ ಮಿನೆಗಿಶಿ.

"ಯಾರದು ಮತ್ತೆ?"

ಮೇಲಿನ ಮಹಡಿಯ ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಿರುವುದು ಮಿನೆಗಿಶಿಗೆ ಗೊತ್ತಾಯಿತು. ಕಿವಿಯಿಂದ ಕುತ್ತಿಗೆಯವರೆಗೆ ಬೆಂಕಿ ಹತ್ತಿದಂತಾಯಿತು. "ನನ್ನದೇ" ಎಂದ.

ಫ್ರೌ ಡಿಟ್‌ಮಾರ್ ಬೈಯಲಿಲ್ಲ. ಬಟ್ಟಲನ್ನು ತಂದು ಅವನ ಕೈಗಿಟ್ಟರು, ನಿಟ್ಟುಸಿರುಬಿಟ್ಟರು. "ಒಂದು ಮಾತು ಕೇಳಲಾ? ಇನ್ನೆಷ್ಟು ದಿನ ಇರ್ತೀರಿ ನೀವಿಲ್ಲಿ?"

"ಮೂರು ವರ್ಷ."

"ಹಾಗಾದರೆ ಬಣ್ಣದವನಿಗೆ ಈಗಲೇ ಫೋನ್ ಮಾಡಿಬಿಡ್ತೀನಿ" ಎಂದರು ಆಕೆ ಮೆಟ್ಟಿಲಿಳಿಯುತ್ತ. "ನಾಳೆ ಬರ್ತೀನಿ ಅಂದಿದ್ದ. ಏನೂ ಅವಸರ ಇಲ್ಲ, ಮೂರು ವರ್ಷ ಬಿಟ್ಟು ಬಾ ಅಂತೀನಿ."